ಸೆನ್ಸರ್ ತನ್ನ ಗುರುತನ್ನು ತಾನೇ ಹೇಳಲಿ

ಮೈಸೂರಿನ ಮಾನಸಗಂಗೋತ್ರಿಯ ಅಖಿಲ ಭಾರತ ವಾಕ್ ಶ್ರವಣ ಸಂಸ್ಥೆ ಆರಂಭವಾದದ್ದು 1965ರಲ್ಲಿ. ಅಲ್ಲಿ ಕಲಿತು ಹೊರಬಂದ ಆಡಿಯಾಲಜಿಸ್ಟರಿಗೆ ಒಂದು ನಿಯಮ ಚೆನ್ನಾಗಿ ಗೊತ್ತು: ಒಂದು ಆಡಿಯೋಮೀಟರಿನ ಹೆಡ್‌ಫೋನನ್ನು ಕಳಚಿ ಇನ್ನೊಂದಕ್ಕೆ ಸಿಕ್ಕಿಸಬಾರದು. ಎರಡೂ ಒಂದೇ ಕಂಪನಿಯ ಒಂದೇ ಮಾದರಿಯಾಗಿದ್ದರೂ ಸರಿ, ಕೂಡದು. ಟಿಡಿಎಚ್-39 ಮಾದರಿಯ ಹೆಡ್‌ಫೋನಿನಲ್ಲಿ 1000 ಹರ್ಟ್ಸ್ ಸ್ವರಕ್ಕೆ ಶ್ರವಣದ ಸೊನ್ನೆ ಎಂದರೆ 7 ಡೆಸಿಬೆಲ್ ಶಬ್ದ. 250 ಹರ್ಟ್ಸ್ ಸ್ವರಕ್ಕೆ ಅದೇ ಸೊನ್ನೆ ಎಂದರೆ 25.5 ಡೆಸಿಬೆಲ್. ಈ ಮಟ್ಟಗಳು ಸರಿಯಾಗಿ ಬರುವಂತೆ ಯಂತ್ರವನ್ನು ಹೊಂದಿಸಿರುವುದು ಆ ನಿರ್ದಿಷ್ಟ ಜೋಡಿ ಹೆಡ್‌ಫೋನಿಗೆ ಮಾತ್ರ. ಜೋಡಿ ಬದಲಾದರೆ ಯಂತ್ರ ನಿಲ್ಲುವುದಿಲ್ಲ, ಕೆಂಪು ದೀಪ ಉರಿಯುವುದಿಲ್ಲ. ಮಗುವಿನ ಶ್ರವಣದ ನಕ್ಷೆ ಸದ್ದಿಲ್ಲದೆ ತಪ್ಪಾಗುತ್ತದೆ. ಅಳತೆಯ ವಿದ್ಯೆಯಲ್ಲಿ ಆಸಕ್ತಿಯಿರುವವರೆಲ್ಲ ಮನನ ಮಾಡಬೇಕಾದ ಮಾತಿದು. ಸೆನ್ಸರಿನದೂ ಇದೇ ಕಥೆ: ಸೆನ್ಸರ್ ಬೇರೆ, ಅದನ್ನು ಹೊಂದಿಸಿದ ಅಂಕಿಗಳ ದಾಖಲೆ, ಅಂದರೆ ಕ್ಯಾಲಿಬ್ರೇಷನ್ ದಾಖಲೆ, ಬೇರೆ ಎಂಬುದು ಭ್ರಮೆ. ಎರಡೂ ಸೇರಿದರೇ ಒಂದು ಉಪಕರಣ. ಅವನ್ನು ಕೂಡಿಸುವ ಕೆಲಸವನ್ನು ಮನುಷ್ಯನ ನೆನಪಿಗೂ ಕೈಬರಹಕ್ಕೂ ಬಿಡಬಾರದು. ಸೆನ್ಸರೇ ತನ್ನ ಗುರುತನ್ನು ಹೇಳಿಕೊಳ್ಳಬೇಕು ಎಂಬುದು ನನ್ನ ವಾದ.

ಈ ವಾದ ಅತಿ ಹೆಚ್ಚು ಅನ್ವಯಿಸುವುದು ಆಪ್ಟಿಕಲ್ ಫೈಬರ್ ಸೆನ್ಸರ್‌ಗಳಿಗೆ. ಬ್ರ್ಯಾಗ್ ಗ್ರೇಟಿಂಗ್ ಎಂಬ ಬಗೆಯನ್ನೇ ನೋಡೋಣ. ಕೂದಲೆಳೆಯಂಥ ಗಾಜಿನ ತಂತುವಿನೊಳಗೆ ಅಲ್ಟ್ರಾವಯೊಲೆಟ್ ಬೆಳಕಿನಿಂದ ಸುಮಾರು ಅರ್ಧ ಮೈಕ್ರಾನಿಗೊಂದರಂತೆ ಗೆರೆಗಳನ್ನು ಮೂಡಿಸಿರುತ್ತಾರೆ. ಆ ಗೆರೆಗಳ ಸಾಲು ಒಂದೇ ಒಂದು ತರಂಗಾಂತರದ ಬೆಳಕನ್ನು ಹಿಂದಕ್ಕೆ ಕಳಿಸುತ್ತದೆ, ಉಳಿದದ್ದನ್ನು ಮುಂದೆ ಬಿಡುತ್ತದೆ. ಗಾಜು ಬಿಸಿಯಾದರೆ ಅಥವಾ ಹಿಗ್ಗಿದರೆ ಹಿಂದಿರುಗುವ ತರಂಗಾಂತರ ಸರಿಯುತ್ತದೆ. 1550 ನ್ಯಾನೋಮೀಟರ್ ಆಸುಪಾಸಿನಲ್ಲಿ ಒಂದು ಡಿಗ್ರಿ ಸೆಲ್ಸಿಯಸ್‌ಗೆ ಈ ಸರಿತ ಸುಮಾರು 0.01 ನ್ಯಾನೋಮೀಟರ್. ಒಂದೇ ದಿನ, ಒಂದೇ ಸಲಕರಣೆಯಿಂದ ಬರೆದ ಎರಡು ಗ್ರೇಟಿಂಗ್‌ಗಳ ಮೂಲ ತರಂಗಾಂತರ 0.1 ನ್ಯಾನೋಮೀಟರ್ ಹೆಚ್ಚುಕಡಿಮೆ ಇದ್ದರೆ ಅದೇನೂ ಅಪರೂಪವಲ್ಲ. ಆದರೆ ಒಂದರ ದಾಖಲೆಯನ್ನು ಇನ್ನೊಂದಕ್ಕೆ ಹಾಕಿದಿರೋ, ತೋರುವ ಉಷ್ಣತೆ 10 ಡಿಗ್ರಿ ತಪ್ಪುತ್ತದೆ. ಒಂದು ವೀಣೆಗೆ ಕಟ್ಟಿದ ಮೇಳವನ್ನು ಇನ್ನೊಂದು ವೀಣೆಗೆ ಕೂರಿಸಿದಂತೆ. ವ್ಯತ್ಯಾಸವೆಂದರೆ ಅಪಸ್ವರ ಕಿವಿಗೆ ಬೀಳುತ್ತದೆ, ಇಲ್ಲಿನ ತಪ್ಪು ಕಣ್ಣಿಗೆ ಬೀಳುವುದಿಲ್ಲ.

ಹತ್ತು ಡಿಗ್ರಿಯ ಬೆಲೆ ಏನೆಂದು ಮೈಸೂರಿಗೆ ಯಾರೂ ಹೇಳಿಕೊಡಬೇಕಿಲ್ಲ. 1950ರಲ್ಲಿ ಚೆಲುವಾಂಬ ಮ್ಯಾನ್ಷನ್‌ನಲ್ಲಿ ತೆರೆದ ಆಹಾರ ಸಂಶೋಧನಾ ಸಂಸ್ಥೆ ಸಿಎಫ್‌ಟಿಆರ್‌ಐ, ಸೈನಿಕರ ಊಟಕ್ಕೆಂದು 1961ರಲ್ಲಿ ಹುಟ್ಟಿದ ಡಿಎಫ್‌ಆರ್‌ಎಲ್ ಇವೆರಡರಿಂದ ಆಹಾರ ಸಂಸ್ಕರಣೆ ಈ ಊರಿನ ವಿದ್ಯೆಯೇ ಆಗಿಬಿಟ್ಟಿದೆ. ಕೆಡದಂತೆ ಮೊಹರು ಮಾಡಿದ ಪೊಟ್ಟಣದಲ್ಲಿ ಬಾಟುಲಿಸಂ ತರುವ ಬ್ಯಾಕ್ಟೀರಿಯಾದ ಬೀಜಾಣುಗಳನ್ನು ಕೊಲ್ಲಲು 121.1 ಡಿಗ್ರಿಯಲ್ಲಿ ಸುಮಾರು 3 ನಿಮಿಷ ಬೇಕು. ಉಷ್ಣತೆ 10 ಡಿಗ್ರಿ ಇಳಿದರೆ ಅದೇ ಕೆಲಸಕ್ಕೆ 30 ನಿಮಿಷ ಬೇಕು. ಮೈಕ್ರೋವೇವ್‌ನಲ್ಲಿ ಬಿಸಿ ಮಾಡುವಾಗ ಲೋಹದ ಥರ್ಮೊಕಪಲ್ ತಂತಿ ತಾನೇ ಅಲೆಗಳನ್ನು ಕೆಡಿಸುತ್ತದಾದ್ದರಿಂದ ಪೊಟ್ಟಣದ ನಡುವಿನ ಉಷ್ಣತೆ ತಿಳಿಯಲು ಗಾಜಿನ ಫೈಬರ್ ಒಳ್ಳೆಯ ದಾರಿ. ಅಂಥಲ್ಲಿ ಸೆನ್ಸರಿನ ದಾಖಲೆ ಅದಲುಬದಲಾದರೆ ಪರದೆಯ ಮೇಲೆ 121 ಎಂದು ಕಾಣುತ್ತಿರುತ್ತದೆ, ಪೊಟ್ಟಣದೊಳಗೆ ಬೀಜಾಣು ಬದುಕಿರುತ್ತದೆ.

‘ಕೆಲಸ ಶುರುಮಾಡುವ ಮುನ್ನ ಕೋಣೆಯ ಉಷ್ಣತೆಯಲ್ಲಿ ಒಮ್ಮೆ ಪರೀಕ್ಷಿಸಿದರೆ ಸಾಲದೇ? ಎಚ್ಚರವುಳ್ಳ ತಂತ್ರಜ್ಞನಿಗೆ ಈ ತಪ್ಪು ಸಿಕ್ಕೇ ಸಿಗುತ್ತದೆ’ ಎಂಬ ಆಕ್ಷೇಪ ಸಹಜ. ಅರ್ಧ ನಿಜ. ಮೂಲ ತರಂಗಾಂತರದ ತಪ್ಪು ಹಾಗೆ ಸಿಗುತ್ತದೆ, ಸಂವೇದನಾಂಕದ ತಪ್ಪು ಸಿಗುವುದಿಲ್ಲ. ಡಿಗ್ರಿಗೆ ಎಷ್ಟು ಸರಿತ ಎಂಬ ಅಂಕಿ ಶೇಕಡಾ 5ರಷ್ಟು ಕಡಿಮೆ ನಮೂದಾಗಿದೆ ಎನ್ನಿ. 25 ಡಿಗ್ರಿಯಲ್ಲಿ ಹೊಂದಿಸಿದ ಸೆನ್ಸರ್ ಅಲ್ಲಿ ಸರಿಯಾಗಿಯೇ ತೋರುತ್ತದೆ. ಅದು 121.1 ತೋರುವಾಗ ಮಾತ್ರ ನಿಜವಾದ ಉಷ್ಣತೆ 116.3ರ ಹತ್ತಿರ ಇರುತ್ತದೆ. ಬೀಜಾಣುವಿಗೆ ತಟ್ಟುವ ಬಿಸಿಯ ಪರಿಣಾಮ ಮೂರರಲ್ಲಿ ಒಂದು ಪಾಲಿಗೆ ಇಳಿದಿರುತ್ತದೆ. ಎಚ್ಚರವೆಂಬುದು ಒಳ್ಳೆಯ ಗುಣವೇ. ಆದರೆ ಕಣ್ಣಿಗೆ ಕಾಣದ ತಪ್ಪಿನ ಮುಂದೆ ಎಚ್ಚರವೂ ಸೋಲುತ್ತದೆ.

ಪರಿಹಾರ ಗೊತ್ತಿಲ್ಲದ್ದೇನಲ್ಲ. ಕನೆಕ್ಟರಿನಲ್ಲಿ ಒಂದು ಪುಟ್ಟ ಮೆಮೊರಿ ಚಿಪ್ ಇಟ್ಟು ಅದರಲ್ಲಿ ಸೆನ್ಸರಿನ ಸಂಖ್ಯೆ, ಅಂಕಗಳು, ಕ್ಯಾಲಿಬ್ರೇಷನ್ ದಿನಾಂಕ ಬರೆದಿಟ್ಟರೆ ಸಿಕ್ಕಿಸಿದ ಕ್ಷಣವೇ ಯಂತ್ರ ಓದಿಕೊಳ್ಳುತ್ತದೆ. ವಿದ್ಯುತ್ ಸೆನ್ಸರ್‌ಗಳಿಗೆ ಇಂಥ ಏರ್ಪಾಡನ್ನು ಐಇಇಇ 1451.4 ಮಾನದಂಡ 2004ರಲ್ಲೇ ರೂಪಿಸಿದೆ. ಚಿಪ್‌ಗೆ ಒಂದು ಮಿತಿಯುಂಟು: ಫೈಬರ್ ತುಂಡಾಗಿ ಬೇರೆ ಕನೆಕ್ಟರಿಗೆ ಬೆಸೆದರೆ ಗುರುತು ಕಳೆದುಹೋಗುತ್ತದೆ. ಇದಕ್ಕೂ ಗಾಜಿನಲ್ಲೇ ಉತ್ತರವಿದೆ. ಫೈಬರ್ ತಯಾರಾಗುವಾಗ ಅದರ ಸಾಂದ್ರತೆಯಲ್ಲಿ ಅತಿಸೂಕ್ಷ್ಮ ಏರಿಳಿತಗಳು ಹೆಪ್ಪುಗಟ್ಟಿ ಉಳಿಯುತ್ತವೆ. ಅವು ಬೆಳಕನ್ನು ಚದುರಿಸುವ ರೀತಿ, ಅಂದರೆ ರೇಲಿ ಚದುರುವಿಕೆಯ ವಿನ್ಯಾಸ, ಒಂದೊಂದು ತುಂಡಿಗೂ ಬೇರೆ. ಅದನ್ನು ಓದಬಲ್ಲ ಯಂತ್ರಕ್ಕೆ ಆ ವಿನ್ಯಾಸವೇ ಸೆನ್ಸರಿನ ಬೆರಳಚ್ಚು. ಹೋಲಿಸಿ ನೋಡಿ ಸರಿಯಾದ ದಾಖಲೆಯನ್ನು ಅದೇ ತೆರೆಯಬಹುದು.

ಗಂಭೀರವಾದ ಆಕ್ಷೇಪ ಇನ್ನೊಂದಿದೆ. ತಾನಾಗಿ ಹೊಂದಿಕೊಳ್ಳುವ ವ್ಯವಸ್ಥೆ ಹಳಸಿದ ದಾಖಲೆಯನ್ನೂ ಅಷ್ಟೇ ವಿಶ್ವಾಸದಿಂದ ಬಡಿಸುತ್ತದೆ, ಜನ ಪ್ರಶ್ನಿಸುವುದನ್ನೇ ಬಿಡುತ್ತಾರೆ ಎಂಬುದು. ಇದನ್ನು ತಳ್ಳಿಹಾಕಲಾಗದು. ಗುರುತು ಸರಿಯಿದ್ದ ಮಾತ್ರಕ್ಕೆ ಅಳತೆ ಸರಿಯಾಗುವುದಿಲ್ಲ. ಅಂಟು ಸಡಿಲಾದರೆ, ಗ್ರೇಟಿಂಗ್ ಮಾಸಿದರೆ ಮರುಪರೀಕ್ಷೆಯೇ ದಾರಿ. ಆದರೆ ಮರುಪರೀಕ್ಷೆಯ ಗಡುವು ಮುಗಿದಿದೆ ಎಂದು ಎಚ್ಚರಿಸಲು ಯಂತ್ರಕ್ಕೆ ಮೊದಲು ಗೊತ್ತಿರಬೇಕಾದದ್ದು ತನಗೆ ಸಿಕ್ಕಿಸಿರುವ ಸೆನ್ಸರ್ ಯಾವುದು ಎಂಬುದು. ಗುರುತು ಪರೀಕ್ಷೆಗೆ ಬದಲಿಯಲ್ಲ, ಅದರ ಮೊದಲ ಮೆಟ್ಟಿಲು. ಖರ್ಚಿನ ಮಾತಿಗೂ ಇಲ್ಲೇ ಉತ್ತರವಿದೆ: ಫೈಬರ್ ಸೆನ್ಸರನ್ನು ಓದುವ ಯಂತ್ರದ ಬೆಲೆಯ ಮುಂದೆ ಚಿಪ್‌ನ ಬೆಲೆ ಲೆಕ್ಕಕ್ಕೇ ಬಾರದು.

ಕಾಲ ದೀರ್ಘವಾದಷ್ಟೂ ಈ ಅಗತ್ಯ ಬೆಳೆಯುತ್ತದೆ. 1911ರಲ್ಲಿ ಕೆಲಸ ಆರಂಭವಾದ ಕನ್ನಂಬಾಡಿ ಕಟ್ಟೆ ನೂರು ವರ್ಷ ದಾಟಿದ ಲೆಕ್ಕದಲ್ಲಿ ಯೋಚಿಸುವುದನ್ನು ನಮಗೆ ಕಲಿಸಿದೆ. ದೊಡ್ಡ ಅಣೆಕಟ್ಟುಗಳಲ್ಲಿ ಮಾಪಕಗಳನ್ನು ಅಳವಡಿಸಿ ಅವುಗಳ ದಾಖಲೆ ಇಡಬೇಕೆಂದು 2021ರ ಅಣೆಕಟ್ಟು ಸುರಕ್ಷತಾ ಕಾಯ್ದೆ ಹೇಳುತ್ತದೆ. ಕಾಂಕ್ರೀಟಿನೊಳಗೆ ಹೂತ ಸೆನ್ಸರ್ ಅಲ್ಲೇ ಇರುತ್ತದೆ; ಎಂಜಿನಿಯರ್ ವರ್ಗವಾಗುತ್ತಾರೆ, ರಿಜಿಸ್ಟರ್ ಕೋಣೆ ಬದಲಾಗುತ್ತದೆ, ಗುತ್ತಿಗೆಯ ಕಂಪನಿ ಮುಚ್ಚುತ್ತದೆ. ಆದ್ದರಿಂದ ಗುರುತಿನ ವಿಧಾನ ಒಂದು ಕಂಪನಿಯ ಗುಟ್ಟಾಗಿರಕೂಡದು, ಎಲ್ಲರೂ ಓದಬಲ್ಲ ಮುಕ್ತ ಮಾನದಂಡದಲ್ಲಿರಬೇಕು. ಮೈಸೂರಿನ ಪ್ರಯೋಗಾಲಯಗಳು, ಆಸ್ಪತ್ರೆಗಳು, ನೀರಾವರಿ ಕಚೇರಿಗಳು ತಮ್ಮ ಟೆಂಡರಿನಲ್ಲಿ ಎರಡು ಸಾಲು ಸೇರಿಸಿದರೆ ಸಾಕು: ಪ್ರತಿ ಸೆನ್ಸರೂ ತನ್ನ ದಾಖಲೆಯನ್ನು ತಾನೇ ಹೊತ್ತು ಬರಬೇಕು, ಆ ದಾಖಲೆ ಹೊಂದದಿದ್ದರೆ ಯಂತ್ರ ಅಂಕಿಯನ್ನು ತೋರಿಸಲೇಬಾರದು. ಅಂಕಿ ಇಲ್ಲದಿದ್ದರೆ ಕೆಲಸ ಒಂದು ದಿನ ನಿಂತೀತು. ತಪ್ಪು ಅಂಕಿಯನ್ನು ನಂಬಿ ಮುಂದುವರಿದ ಕೆಲಸವನ್ನು ಮಾತ್ರ ಆಮೇಲೆ ಸರಿಪಡಿಸಲು ಬರುವುದಿಲ್ಲ.