ಎಲ್ಲಿದೆಯೋ ಹಾಗೆ, ಹೇಗಿದೆಯೋ ಹಾಗೆ: ಹರಾಜು ಪ್ರಕಟಣೆಯ ಕನ್ನಡ

ಮಂಗಳೂರಿನಲ್ಲಿ ನೌಕರಿ ಮಾಡುವ ನಮ್ಮೂರಿನ ಹುಡುಗನೊಬ್ಬ ಕಳೆದ ತಿಂಗಳು ಪತ್ರಿಕೆಯ ಒಂದು ಪುಟದ ಚಿತ್ರವನ್ನು ಮೊಬೈಲಿಗೆ ಕಳಿಸಿದ. ಜೊತೆಗೆ ನಾಲ್ಕು ಮಾತು: "ಕಾಕಾ, ಬ್ಯಾಂಕಿನವ್ರು ಒಂದ ಫ್ಲ್ಯಾಟ್ ಲಿಲಾವಿಗಿ ಇಟ್ಟಾರ. ಪ್ಯಾಟಿ ರೇಟಿಗಿಂತ ಭಾಳ ಕಮ್ಮಿ ಐತಿ, ಹಿಡೀಬೇಕಂತ ಮಾಡೇನಿ. ಆದ್ರ ಇದರಾಗ ಏನ ಬರದಾರ ಅನ್ನೂದ ತಿಳೀವಲ್ದು. ಒಂದೀಟ ಓದಿ ಹೇಳ್ರಿ." ಅವನು ಬಿ.ಕಾಂ. ಮುಗಿಸಿದವನು, ಹತ್ತನೆಯ ತರಗತಿಯವರೆಗೆ ಕನ್ನಡ ಮಾಧ್ಯಮದಲ್ಲೇ ಕಲಿತವನು. ನಾವು ಜುಗೂಳದಲ್ಲಿ ಕುಳಿತು ಅದನ್ನು ಓದಿದೆವು. ಮೊದಲ ಓದಿಗೆ ನಮಗೂ ತಿಳಿಯಲಿಲ್ಲ.

ಕಥೆ, ಕವನ, ಕಾದಂಬರಿಗಳನ್ನು ವಿಮರ್ಶಿಸುವ ನಾವು ಪತ್ರಿಕೆಯ ಒಳಪುಟಗಳಲ್ಲಿ ಸಣ್ಣ ಅಕ್ಷರಗಳಲ್ಲಿ ತುಂಬಿರುವ ಈ ಬರಹವನ್ನು ಬರಹವೆಂದೇ ಎಣಿಸುವುದಿಲ್ಲ. ಪುಟ ತಿರುವಿ ಮುಂದೆ ಹೋಗುತ್ತೇವೆ. ಆದರೆ ಇಂದು ಕನ್ನಡದಲ್ಲಿ ಅಚ್ಚಾಗುವ ಬರಹಗಳ ಪೈಕಿ ಒಬ್ಬರ ಮನೆಯನ್ನು ಅವರ ಕೈಯಿಂದ ಬಿಡಿಸಿ ಇನ್ನೊಬ್ಬರ ಕೈಗಿಡುವ ಶಕ್ತಿ ಇರುವುದು ಇದಕ್ಕೇ. ಆದ್ದರಿಂದ ಇದರ ಭಾಷೆಯನ್ನು ಒಮ್ಮೆ ನಿಂತು ನೋಡುವುದು ಅಗತ್ಯವೆನಿಸಿತು.

ಪ್ರಕಟಣೆಯ ಮೂಲ 2002ರ ಸರ್ಫೇಸಿ ಕಾಯ್ದೆ. ಇದರ ಪ್ರಕಾರ ಬ್ಯಾಂಕು ಸಿವಿಲ್ ನ್ಯಾಯಾಲಯದಲ್ಲಿ ದಾವೆ ಹೂಡದೆಯೇ ಅಡಮಾನದ ಮನೆಯನ್ನು ಮಾರಬಹುದು. ಕಂತು ನಿಂತು ಸಾಲ ಅನುತ್ಪಾದಕವಾದರೆ ಮೊದಲು 60 ದಿನಗಳ ನೋಟೀಸು. ಸಾಲಗಾರ ಆಕ್ಷೇಪ ಬರೆದರೆ ಬ್ಯಾಂಕು 15 ದಿನಗಳೊಳಗೆ ಉತ್ತರಿಸಬೇಕು. ಅನಂತರ ಸ್ವಾಧೀನ, ಅದರ ವಿರುದ್ಧ ಸಾಲ ವಸೂಲಾತಿ ನ್ಯಾಯಮಂಡಳಿಗೆ ಹೋಗಲು 45 ದಿನಗಳ ಅವಕಾಶ. ಕೊನೆಗೆ ಹರಾಜು. ಕೃಷಿ ಭೂಮಿಯನ್ನು ಕಾಯ್ದೆ ಹೊರಗಿಟ್ಟಿದೆ. ಹಾಗಾಗಿ ಕಬ್ಬಿನ ಸೀಮೆಯ ನಮ್ಮವರು ಇದನ್ನು ಪಟ್ಟಣದವರ ಕಾಯ್ದೆ ಎಂದುಕೊಂಡಿದ್ದರು. ಸಹಕಾರಿ ಬ್ಯಾಂಕುಗಳಿಗೂ ಇದು ಅನ್ವಯಿಸುತ್ತದೆಂದು ಸುಪ್ರೀಂ ಕೋರ್ಟಿನ ಐವರು ನ್ಯಾಯಾಧೀಶರ ಪೀಠ 2020ರ ಮೇ ತಿಂಗಳಲ್ಲಿ ಹೇಳಿತು. ಆ ಮೊಕದ್ದಮೆಯಲ್ಲಿದ್ದದ್ದು ಮುರಗೂಡ ಸಹಕಾರಿ ಬ್ಯಾಂಕು. ನಿಪ್ಪಾಣಿಯಿಂದ ಗಡಿ ದಾಟಿದರೆ ಮುರಗೂಡ ದೂರವೇನಲ್ಲ. ಹೊಲ ಉಳಿಯಿತು, ಊರೊಳಗಿನ ಮನೆ ಉಳಿಯಲಿಲ್ಲ.

ಬ್ಯಾಂಕಿನ ಪಕ್ಷವನ್ನೂ ಹೇಳಬೇಕು. ಅದು ಸಾಲ ಕೊಟ್ಟದ್ದು ಠೇವಣಿದಾರರ ಹಣದಿಂದ. ಸಿವಿಲ್ ದಾವೆ ಹೂಡಿದರೆ ಅಜ್ಜ ಹೂಡಿದ್ದನ್ನು ಮೊಮ್ಮಗ ಮುಗಿಸುವ ದೇಶ ನಮ್ಮದು. ದೊಡ್ಡ ಸಾಲಗಾರರು ಆ ವಿಳಂಬದ ನೆರಳಲ್ಲೇ ಬೆಳೆದವರು. ವಸೂಲಿಗೆ ಚುರುಕಾದ ದಾರಿ ಬೇಕಿತ್ತು ಎಂಬುದರಲ್ಲಿ ನಮಗೆ ಸಂಶಯವಿಲ್ಲ. ನಮ್ಮ ತಕರಾರು ಆ ದಾರಿಯ ಬಾಗಿಲಲ್ಲಿ ತೂಗುಹಾಕಿರುವ ಫಲಕದ ಮೇಲೆ.

ಪ್ರಕಟಣೆಯನ್ನು ಎರಡು ಪ್ರಮುಖ ಪತ್ರಿಕೆಗಳಲ್ಲಿ ಅಚ್ಚು ಮಾಡಿಸಬೇಕು, ಒಂದು ಆ ಪ್ರದೇಶದ ಭಾಷೆಯದಾಗಿರಬೇಕು ಎಂದು ನಿಯಮ ಹೇಳುತ್ತದೆ. (ಹೊಳೆಯಾಚೆಗೆ ಮಹಾರಾಷ್ಟ್ರದ ಖಿದ್ರಾಪುರ ಕಾಣುವ ನಮ್ಮ ಊರಿನಲ್ಲಿ ಆ ಭಾಷೆ ಯಾವುದು ಎಂದು ಕೇಳಿದರೆ ಮನೆಗೊಂದು ಉತ್ತರ ಬಂದೀತು.) ಕಾಯ್ದೆಯ ಆಶಯ ಸ್ಪಷ್ಟ: ಸುತ್ತಲಿನ ಜನ ಓದಬೇಕು, ತಿಳಿಯಬೇಕು. ಆದರೆ ನಮ್ಮ ಮುಂದಿದ್ದ ಪ್ರಕಟಣೆಯ ಕನ್ನಡ ಇಂಗ್ಲಿಷ್ ವಾಕ್ಯದ ಮೇಲೆ ಹೊದಿಸಿದ ತೆಳು ಬಟ್ಟೆ. 'ಭದ್ರತಾ ಸಾಲದಾತ', 'ಮೀಸಲು ಬೆಲೆ', 'ಸಾಂಕೇತಿಕ ಸ್ವಾಧೀನ'. ಇಡೀ ಪ್ರಕಟಣೆ ಎರಡೇ ವಾಕ್ಯ. ಮೊದಲನೆಯದು ಎಂಟು ಸಾಲು ಓಡಿದರೂ ಕ್ರಿಯಾಪದ ಸಿಗುವುದಿಲ್ಲ. ಸಿಕ್ಕಾಗ ಕರ್ತೃ ಯಾರೆಂಬುದು ಮರೆತಿರುತ್ತದೆ.

ಇನ್ನೊಂದನ್ನು ಗಮನಿಸಿ. ಸಾಲಗಾರನ ಹೆಸರಿದೆ, ತಂದೆಯ ಹೆಸರಿದೆ, ಹೆಂಡತಿಯ ಹೆಸರಿದೆ, ಜಾಮೀನು ನಿಂತ ಗೆಳೆಯನ ಹೆಸರೂ ಡೋರ್ ನಂಬರೂ ಇದೆ. ಬ್ಯಾಂಕಿನ ಕಡೆಯಿಂದ ಸಹಿ ಹಾಕಿದವರಿಗೆ ಹೆಸರಿಲ್ಲ, 'ಅಧಿಕೃತ ಅಧಿಕಾರಿ' ಅಷ್ಟೆ. ಮಾರಾಟಕ್ಕಿರುವ ಮನೆಯ ವರ್ಣನೆಯೂ ವಿಚಿತ್ರ. ಪೂರ್ವಕ್ಕೆ ರಸ್ತೆ, ಪಶ್ಚಿಮಕ್ಕೆ ಮತ್ತೊಬ್ಬರ ಜಾಗ, ಉತ್ತರಕ್ಕೆ ಕಂಪೌಂಡು ಗೋಡೆ. ಮನೆಯ ಸುತ್ತ ಏನೇನಿದೆ ಎಂದು ಹೇಳಿ, ಒಳಗೆ ಯಾರಿದ್ದಾರೆ ಎಂಬುದೊಂದನ್ನು ಬಿಟ್ಟಿದೆ.

ಕನ್ನಡದಲ್ಲಿ ಪದಗಳಿಲ್ಲದೆ ಹೀಗಾಯಿತೇ? ಸಾಲದ ವಿಷಯದಲ್ಲಿ ಕನ್ನಡ ಎಂದೂ ಬಡವಾಗಿರಲಿಲ್ಲ. ಹರಾಜು ಅರಬ್ಬಿಯಿಂದ ಬಂದದ್ದು. ಗಲ್ಫಿಗೆ ಹೋಗಿಬಂದವರಿಗೆ ಅಲ್ಲಿನ ಹಳೆ ಸಾಮಾನಿನ ಪೇಟೆಯ ಹೆಸರೂ 'ಹರಾಜ್' ಎಂಬುದು ಗೊತ್ತು. ಜಪ್ತಿ, ಬಾಕಿ, ವಸೂಲಿ, ಜಾಮೀನು, ತಕರಾರು, ಕಿಸ್ತು, ಮುದ್ದತು ಎಲ್ಲದರ ಬೇರೂ ಅರಬ್ಬಿಯಲ್ಲೇ. ನಮ್ಮ ಕಡೆಯ ಲಿಲಾವು ಮತ್ತು ಕರಾವಳಿಯ ಏಲಂ ಕೇಳಲು ಬೇರೆಬೇರೆ, ಆದರೆ ಎರಡೂ ಪೋರ್ಚುಗೀಸರು ತಂದ ಒಂದೇ ಪದದಿಂದ ಒಡೆದವು. ಓದು ಬಾರದ ರೈತನಿಗೂ ಈ ಪದಗಳು ಅರ್ಥವಾಗುತ್ತಿದ್ದವು. 'ಜಪ್ತಿ ಬಂತು' ಎಂದರೆ ಮನೆಯ ಮಕ್ಕಳೂ ಬೆಚ್ಚುತ್ತಿದ್ದರು. 'ಸಾಂಕೇತಿಕ ಸ್ವಾಧೀನ' ಎಂದರೆ ಯಾರೂ ಬೆಚ್ಚುವುದಿಲ್ಲ. ಸಂಕೇತ ತಾನೆ ಎಂದುಕೊಳ್ಳುತ್ತಾರೆ.

ಬೆಚ್ಚದಿರುವುದೇ ಇಲ್ಲಿ ಅಪಾಯ. ಅದನ್ನು ಕಾಣಲು ಹಳೆಯ ಕಾನೂನಿನ ಕಡೆ ತಿರುಗಬೇಕು. 1908ರ ಸಿವಿಲ್ ಪ್ರಕ್ರಿಯಾ ಸಂಹಿತೆ ಬ್ರಿಟಿಷರ ಕಾಲದ್ದು, ಈಗಲೂ ಜಾರಿಯಲ್ಲಿದೆ. ಸ್ಥಿರಾಸ್ತಿ ಜಪ್ತಿಯಾದರೆ ಆ ಜಾಗದಲ್ಲೋ ಅದರ ಪಕ್ಕದಲ್ಲೋ ಡಂಗುರ ಹೊಡೆಸಿ ಅಥವಾ ರೂಢಿಯಲ್ಲಿರುವ ಬೇರೆ ರೀತಿಯಲ್ಲಿ ಸಾರಬೇಕೆಂದು ಅದು ಹೇಳುತ್ತದೆ. ಡಂಗುರದಲ್ಲಿ ಅವಮಾನವಿತ್ತು, ನಿಜ. ಆದರೆ ಡಂಗುರ ಅರ್ಥವಾಗದವರು ಊರಿನಲ್ಲಿ ಇರಲಿಲ್ಲ. ಭಾವ ಎತ್ತು ಮಾರಿ, ಹೆಂಡತಿ ಬೋರಮಾಳ ಬಿಚ್ಚಿಕೊಟ್ಟು ಮನೆ ಉಳಿಸಿಕೊಳ್ಳಲು ಆ ಸದ್ದೇ ಎಚ್ಚರಿಕೆಯಾಗುತ್ತಿತ್ತು. ಅಷ್ಟೇ ಅಲ್ಲ, ಅದೇ ಸಂಹಿತೆಯಲ್ಲಿ ಹರಾಜು ಮುಗಿದ ಮೇಲೂ 60 ದಿನಗಳೊಳಗೆ ಸಾಲಗಾರ ಪ್ರಕಟಣೆಯಲ್ಲಿನ ಬಾಕಿಯನ್ನೂ, ಕೊಂಡವನಿಗೆ ಪರಿಹಾರವಾಗಿ ಕೊಂಡ ಬೆಲೆಯ ಶೇಕಡಾ 5ರಷ್ಟನ್ನೂ ಠೇವಣಿಯಿಟ್ಟರೆ ಮಾರಾಟ ರದ್ದಾಗುತ್ತದೆ. ಪರದೇಶದ ಸರಕಾರ ಬರೆದ ಕಾನೂನು ಸಾಲಗಾರನಿಗೆ ಇಷ್ಟು ಉಸಿರು ಬಿಟ್ಟಿತ್ತು.

2002ರ ಕಾಯ್ದೆಯಲ್ಲೂ ಮೊದಲು ಮಾರಾಟಕ್ಕೆ ಗೊತ್ತುಪಡಿಸಿದ ದಿನದ ಮುಂಚೆ ಯಾವಾಗ ಬೇಕಾದರೂ ಪೂರ್ತಿ ಬಾಕಿ ಕಟ್ಟಿ ಮನೆ ಬಿಡಿಸಿಕೊಳ್ಳಬಹುದಿತ್ತು. 2016ರ ತಿದ್ದುಪಡಿ ಆ ಗೆರೆಯನ್ನು ಹಿಂದಕ್ಕೆ ಎಳೆಯಿತು. ಈಗ ಹರಾಜಿನ ಪ್ರಕಟಣೆ ಹೊರಡುವ ಮುಂಚೆ ಹಣ ಕಟ್ಟಬೇಕು. ಪ್ರಕಟಣೆಯಾದ ಮೇಲೆ ಬಿಡಿಸಿಕೊಳ್ಳುವ ಹಕ್ಕು ಇಲ್ಲವೆಂದು ಬಾಫ್ನಾ ಮೋಟಾರ್ಸ್ ಮೊಕದ್ದಮೆಯಲ್ಲಿ ಸುಪ್ರೀಂ ಕೋರ್ಟು 2023ರ ಸೆಪ್ಟೆಂಬರಿನಲ್ಲಿ ಖಚಿತಪಡಿಸಿತು. ಮೊದಲ ಹರಾಜಾದರೆ ಪ್ರಕಟಣೆಗೂ ಹರಾಜಿಗೂ ನಡುವೆ 30 ದಿನ, ಮರುಹರಾಜಾದರೆ 15 ದಿನ ಅಂತರವಿರುತ್ತದೆ. ಆ ದಿನಗಳು ಕೊಳ್ಳುವವನಿಗೆ ಹಣ ಹೊಂದಿಸಲು ಇರುವಂಥವು, ಮನೆಯವನಿಗಲ್ಲ. ಅಂದರೆ ಈ ಬರಹ ಎಚ್ಚರಿಕೆ ಕೊಡುವ ಬರಹವಲ್ಲ. ಇದು ಅಚ್ಚಾದ ಬೆಳಿಗ್ಗೆಯೇ ಬಾಗಿಲು ಮುಚ್ಚಿರುತ್ತದೆ. ನಮ್ಮ ಕೈಯಲ್ಲಿದ್ದ ಪ್ರಕಟಣೆಯಲ್ಲಿ ಇಷ್ಟು ದೊಡ್ಡ ಸಂಗತಿಯನ್ನು ಹೇಳುವ ಒಂದೇ ಒಂದು ನೇರ ವಾಕ್ಯ ಹುಡುಕಿದೆವು, ಸಿಗಲಿಲ್ಲ. ಕಾಯ್ದೆಯ ಕಲಮಿನ ಸಂಖ್ಯೆ ಇತ್ತು.

ಕೊಳ್ಳುವವನಿಗಾದರೂ ಈ ಭಾಷೆ ನೆರವಾಗುತ್ತದೆಯೇ? 'ಎಲ್ಲಿದೆಯೋ ಹಾಗೆ, ಹೇಗಿದೆಯೋ ಹಾಗೆ, ಏನಿದೆಯೋ ಹಾಗೆ.' ಪ್ರಕಟಣೆಯಲ್ಲಿ ಕಿವಿಗೆ ಹಿತವಾಗುವುದು ಇದೊಂದೇ. ಮಕ್ಕಳ ಪದ್ಯದ ಲಯವಿದೆ. ಹಿತವಾಗಿರುವುದರಿಂದಲೇ ಜನ ಇದನ್ನು ದಾಟಿಬಿಡುತ್ತಾರೆ. ಇದರ ಅರ್ಥವೋ, ಇನ್ನು ಮುಂದೆ ಏನು ಹೊರಬಿದ್ದರೂ ನಿನ್ನ ಪಾಲಿಗೆ ಎಂದು. ಹಳೆಯ ಮಾಲೀಕ ಉಳಿಸಿದ ವಿದ್ಯುತ್ ಬಾಕಿಯನ್ನು ಕಟ್ಟಿದರಷ್ಟೇ ಹೊಸ ಸಂಪರ್ಕ ಎಂದು ವಿದ್ಯುತ್ ಸಂಸ್ಥೆ ಪಟ್ಟು ಹಿಡಿಯಬಹುದೇ ಎಂಬ ಪ್ರಶ್ನೆ ಕೇರಳದಿಂದ ಸುಪ್ರೀಂ ಕೋರ್ಟಿನವರೆಗೆ ಹೋಯಿತು. ಸಂಸ್ಥೆಯ ನಿಯಮಗಳಲ್ಲಿ ಹಾಗಿದ್ದರೆ ಹಿಡಿಯಬಹುದು ಎಂದು 2023ರ ಮೇ ತಿಂಗಳಲ್ಲಿ ತೀರ್ಪಾಯಿತು. ಮನೆ ತೆರಿಗೆ, ಫ್ಲ್ಯಾಟಿನ ಸಂಘದ ಬಾಕಿ ಬೇರೆ. ಮಂಗಳೂರಿನಲ್ಲಾದರೆ ಮೂಲಗೇಣಿಯ ಜಾಗಗಳಿವೆ. ಅಲ್ಲಿ ಮನೆ ನಿಮ್ಮದಾದರೂ ಅದರಡಿಯ ಮಣ್ಣಿನ ಮೇಲೆ ಇನ್ನೊಂದು ಮನೆತನದ ಹೆಸರಿರಬಹುದು. ಗುಂಟೆಯಲ್ಲಿ ಲೆಕ್ಕ ಹಾಕುವ ನಮ್ಮ ಹುಡುಗನಿಗೆ ಅಲ್ಲಿನ ಸೆಂಟ್ಸ್ ಲೆಕ್ಕವೇ ಹೊಸದು, ಇನ್ನು ಮೂಲಗೇಣಿ ಎಲ್ಲಿ ತಿಳಿದೀತು!

ನಮ್ಮಲ್ಲಿ ಹಳೆಮನೆ ಕೊಳ್ಳುವವರು ಮೊದಲು ಗೋಡೆ ನೋಡುತ್ತಾರೆ. 2005ರಲ್ಲಿ ಕೃಷ್ಣೆ ಎಲ್ಲಿಯವರೆಗೆ ಬಂದಿದ್ದಳು, 2019ರಲ್ಲಿ ಎಲ್ಲಿಯವರೆಗೆ, 2021ರಲ್ಲಿ ಎಲ್ಲಿಯವರೆಗೆ ಎಂದು ಕೇಳುತ್ತಾರೆ. ಮಾರುವವನು ಗೋಡೆಯ ಗುರುತನ್ನು ತೋರಿಸುತ್ತಾನೆ, ಸುಳ್ಳು ಹೇಳಿದರೆ ಓಣಿಯವರೇ ತಿದ್ದುತ್ತಾರೆ. ಬ್ಯಾಂಕು ಗೋಡೆ ತೋರಿಸುವುದಿಲ್ಲ. ನೀವೇ ನೋಡಿಕೊಳ್ಳಿ ಎನ್ನುತ್ತದೆ. ಗೆದ್ದವನು ಅಂದೇ ಅಥವಾ ಮರುದಿನದ ಕೆಲಸದ ವೇಳೆಯೊಳಗೆ ಶೇಕಡಾ 25 ಕಟ್ಟಬೇಕು, ಉಳಿದದ್ದನ್ನು ಸಾಮಾನ್ಯವಾಗಿ 15 ದಿನಗಳಲ್ಲಿ. ಒಪ್ಪಂದದ ಮೇಲೆ ಹೆಚ್ಚೆಂದರೆ ಮೂರು ತಿಂಗಳು. ತಪ್ಪಿದರೆ ಕಟ್ಟಿದ್ದೂ ಹೋಯಿತು. ಹೀಗೆ ಇಡೀ ಶೇಕಡಾ 25ನ್ನು ಮುಟ್ಟುಗೋಲು ಹಾಕಿಕೊಳ್ಳುವುದು ಸರಿಯೆಂದು 2024ರ ಫೆಬ್ರವರಿಯಲ್ಲಿ ಸುಪ್ರೀಂ ಕೋರ್ಟು ಹೇಳಿದೆ. 'ಕಡಿಮೆ ಬೆಲೆಗೆ ಮನೆ' ಎಂದು ಹುರಿದುಂಬಿಸುವ ದಲಾಲಿಗಳು ಈ ಭಾಗವನ್ನು ಓದಿ ಹೇಳುವುದಿಲ್ಲ. ಬೆಲೆ ಏಕೆ ಕಡಿಮೆ ಎಂಬುದಕ್ಕೆ ಉತ್ತರವೂ ಇಲ್ಲೇ ಇದೆ: ಗೊತ್ತಿಲ್ಲದ್ದನ್ನೆಲ್ಲ ಕೊಳ್ಳುವವನ ಹೆಗಲಿಗೆ ಹಾಕಿರುವುದಕ್ಕೆ ಸಿಗುವ ಸೋಡಿ ಅದು.

ಇದೆಲ್ಲ ನಡೆಯುತ್ತಿರುವ ನೆಲವಾದರೂ ಯಾವುದು? ಕರಾವಳಿ ಬ್ಯಾಂಕುಗಳ ತವರು. 1906ರಲ್ಲಿ ಮಂಗಳೂರಿನಲ್ಲಿ ಅಮ್ಮೆಂಬಳ ಸುಬ್ಬರಾವ್ ಪೈ ಕೆನರಾ ಬ್ಯಾಂಕನ್ನೂ, ಅದೇ ವರ್ಷ ಉಡುಪಿಯಲ್ಲಿ ಹಾಜಿ ಅಬ್ದುಲ್ಲಾ ಸಾಹೇಬರು ಮುಂದೆ ಕಾರ್ಪೊರೇಷನ್ ಬ್ಯಾಂಕ್ ಆದ ಸಂಸ್ಥೆಯನ್ನೂ ಕಟ್ಟಿದರು. ಎರಡನೆಯದು 2020ರ ಏಪ್ರಿಲ್‌ನಲ್ಲಿ ಯೂನಿಯನ್ ಬ್ಯಾಂಕಿನಲ್ಲಿ ಕರಗಿಹೋಯಿತು. ಸಾಲ ಕೇಳಲು ಬಂದವನ ಮಾತನ್ನು ಅವನ ಭಾಷೆಯಲ್ಲಿ ಕೇಳುವ ಬ್ಯಾಂಕುಗಳು ಬೇಕೆಂದೇ ಅಂಥವರು ಹಣ ಹೂಡಿದ್ದು ಎಂದು ನಾವು ತಿಳಿದಿದ್ದೇವೆ. ಸಾಲದ ಅರ್ಜಿಯ ಹೊತ್ತಿಗೆ ಆ ಭಾಷೆ ಇಂದಿಗೂ ಸಿಗುತ್ತದೆ. ಜಾಹೀರಾತುಗಳ ಕನ್ನಡ ಎಷ್ಟು ಸರಳ, ಎಷ್ಟು ಆತ್ಮೀಯ! 'ನಿಮ್ಮ ಕನಸಿನ ಮನೆ' ಎನ್ನಲು ಬರುವ ಕೈಗೆ 'ಈ ದಿನದೊಳಗೆ ಹಣ ಕಟ್ಟದಿದ್ದರೆ ಮನೆ ಮತ್ತೆ ಸಿಗದು' ಎಂದು ಬರೆಯಲು ಬಾರದೇ?

ನಮ್ಮ ಓದುಗರಲ್ಲಿ ಬಡ್ಡಿಯ ಗೊಡವೆ ಬೇಡವೆಂದು ಬ್ಯಾಂಕಿನ ಸಾಲವನ್ನೇ ಮುಟ್ಟದವರು ಅನೇಕರಿದ್ದಾರೆ. ಕೈಯಲ್ಲಿ ಗಲ್ಫಿನ ದುಡಿಮೆಯ ನಗದು ಇರುವವರಿಗೆ ಹರಾಜಿನ ಮನೆ ಸಾಲವಿಲ್ಲದೆ ಸಿಗುವ ಮನೆ. ಕಾನೂನಿನಲ್ಲಿ ಇದು ತಪ್ಪಲ್ಲ, ಯಾರಾದರೂ ಕೊಂಡೇ ಕೊಳ್ಳುತ್ತಾರೆ, ಬಂದ ಹಣದಿಂದ ಸಾಲಗಾರನ ಹೊರೆಯೂ ಇಳಿಯುತ್ತದೆ. ಆದರೂ ಬಡ್ಡಿ ಕಟ್ಟಲು ಹೆದರಿದವನು ಬಡ್ಡಿ ಬೆಳೆದದ್ದರಿಂದಲೇ ಅಗ್ಗವಾದ ಮನೆಯನ್ನು ಕೊಳ್ಳುವಾಗ ಕನಿಷ್ಠ ಒಮ್ಮೆ ಆ ಬಾಗಿಲು ತಟ್ಟಿ ನೋಡಬೇಕು ಎಂದು ನಮಗೆ ಅನಿಸುತ್ತದೆ.

ಹುಡುಗನಿಗೂ ಹಾಗೇ ಹೇಳಿದೆವು. ಪ್ರಕಟಣೆಯಲ್ಲಿ ಆಸ್ತಿ ಪರಿಶೀಲನೆಗೆ ಒಂದು ದಿನ ಕೊಟ್ಟಿದ್ದರು. ಅಂದು ಹೋಗಿಬಂದು ರಾತ್ರಿ ಫೋನು ಮಾಡಿದ.

"ಸ್ವಾಧೀನ ಬರೇ ಕಾಗದದಾಗ ಐತ್ರಿ ಕಾಕಾ. ಮಂದಿ ಒಳಗ ಅದಾರ. ಮುದುಕರೊಬ್ಬರು ಬಾಗಲಾ ತಗದ್ರು. ಕುಂದರ್ಸಿ ನೀರ ಕೊಟ್ರು. ಮಗ ದುಡ್ಡು ಹೊಂದಿಸ್ತಾ ಇದ್ದಾನೆ, ಏಲಂಗೆ ಇನ್ನೂ ಹದಿನೈದು ದಿನ ಉಂಟಲ್ಲ, ಕಟ್ಟಿ ಬಿಡಿಸಿಕೊಳ್ತೇವೆ ಅಂದ್ರು. ನಾ ಏನ ಹೇಳ್ಲಿ ಹೇಳ್ರಿ? ನೀರ ಕುಡದು ಎದ್ದ ಬಂದ್ಯಾ."