ಕಾದಂಬರಿಯ ಕೃಷ್ಣಪ್ಪ, ಸದನದ ಗೋಪಾಲಗೌಡ

ಯು. ಆರ್. ಅನಂತಮೂರ್ತಿಯವರ 'ಅವಸ್ಥೆ' 1978ರಲ್ಲಿ ಬಂದಾಗಿನಿಂದ ಅದರ ನಾಯಕ ಕೃಷ್ಣಪ್ಪಗೌಡನಲ್ಲಿ ಶಾಂತವೇರಿ ಗೋಪಾಲಗೌಡರನ್ನು ಕಾಣುವುದು ವಾಡಿಕೆಯಾಗಿದೆ. ಕಾದಂಬರಿಕಾರರೂ ತೀರ್ಥಹಳ್ಳಿಯ ಕಡೆಯವರೇ, ಗೌಡರನ್ನು ಹತ್ತಿರದಿಂದ ಬಲ್ಲವರು. ಹೋಲಿಕೆ ಸುಳ್ಳಲ್ಲ. ಆದರೆ ಪುಣೆಯಲ್ಲಿ ಹುಟ್ಟಿ ಬೆಳೆದ ನಮ್ಮ ಮಕ್ಕಳು ಈ ಒಂದು ಪುಸ್ತಕದಿಂದಲೇ ಗೋಪಾಲಗೌಡರನ್ನು ಅರಿಯುವುದಾದರೆ ಅವರಿಗೆ ಅರ್ಧ ಮನುಷ್ಯ ಮಾತ್ರ ಸಿಕ್ಕಾನು.

ಆ ಅರ್ಧವನ್ನು ಲೇಖಕರು ಬಹಳ ಚೆನ್ನಾಗಿ ಬರೆದಿದ್ದಾರೆ. ಪಾರ್ಶ್ವವಾಯು ಬಡಿದು ಮಲಗಿದ ನಾಯಕ, ಕೈಗೆಟುಕುವಷ್ಟು ಹತ್ತಿರ ಬಂದ ಮುಖ್ಯಮಂತ್ರಿ ಪದವಿ, ಗುತ್ತಿಗೆದಾರ ವೀರಣ್ಣನ ಉಪಕಾರದ ಭಾರ, ಹೆಂಡತಿ ಸೀತೆಯ ಮೇಲೆ ಹರಿಯುವ ಸಿಟ್ಟು. ಮನೆಯ ಹೊರಗೆ ಸಮಾನತೆ ಸಾರುವವನು ಮನೆಯೊಳಗೆ ಹೇಗಿರುತ್ತಾನೆಂಬುದನ್ನು ಲೇಖಕರು ಮುಚ್ಚಿಟ್ಟಿಲ್ಲ. ಇದನ್ನು ನಾನು ಮೆಚ್ಚಿದ್ದೇನೆ.

ಕಾಣದಿರುವುದು ಶಾಸಕನ ದಿನನಿತ್ಯದ ದುಡಿಮೆ. 1951ರ ಕಾಗೋಡು ಸತ್ಯಾಗ್ರಹದ ಮೂಲದಲ್ಲಿದ್ದುದು ಗೇಣಿಯ ಭತ್ತ ಅಳೆಯುವ ಕೊಳಗದ ಅಳತೆ. ಒಡೆಯನ ಕೊಳಗ ದೊಡ್ಡದು, ರೈತನ ಪಾಲು ಸಣ್ಣದು. ಲೋಹಿಯಾ ಬಂದು ಬಂಧನಕ್ಕೊಳಗಾದರು. ಮರುವರ್ಷ ಗೋಪಾಲಗೌಡರು ಸಾಗರ–ಹೊಸನಗರದಿಂದ ಗೆದ್ದು ವಿಧಾನಸಭೆಗೆ ಹೋದಾಗ ಅವರಿಗೆ ಮೂವತ್ತು ತುಂಬಿರಲಿಲ್ಲ. 'ಒಂದು ಓಟು, ಒಂದು ನೋಟು' ಎಂದು ಮತದಾರರಿಂದಲೇ ಹಣ ಕೇಳಿ ಚುನಾವಣೆಗೆ ನಿಂತ ಮನುಷ್ಯ. 1957ರಲ್ಲಿ ಸೋತರು, 1962, 1967ರಲ್ಲಿ ತೀರ್ಥಹಳ್ಳಿಯಿಂದ ಮತ್ತೆ ಗೆದ್ದರು. ಮಂತ್ರಿಯಾಗಲಿಲ್ಲ.

ವಿರೋಧ ಪಕ್ಷದ ಒಬ್ಬ ಸದಸ್ಯನಿಂದ ಏನಾದೀತು ಎನ್ನುವವರು ಸರ್ಕಾರಿ ಕಚೇರಿಯೊಳಗೆ ಒಮ್ಮೆ ಕುಳಿತು ನೋಡಬೇಕು. ಪಾರ್ಲಿಮೆಂಟಿನಲ್ಲಿ ಒಂದು ಪ್ರಶ್ನೆ ಬಂತೆಂದರೆ ವರ್ಷಗಟ್ಟಲೆ ಕಪಾಟಿನಲ್ಲಿ ಮಲಗಿದ್ದ ಫೈಲು ಮಧ್ಯಾಹ್ನದೊಳಗೆ ಎದ್ದು ಓಡಾಡುತ್ತದೆ. ನಮ್ಮಂಥ ಗುಮಾಸ್ತರಿಗೆ ಅಂದು ಊಟಕ್ಕೂ ಬಿಡುವಿಲ್ಲ! ಈ ನಿಧಾನದ, ನೀರಸವಾದ ಕೆಲಸಕ್ಕೆ ಕಾದಂಬರಿಯಲ್ಲಿ ಸಲ್ಲಬೇಕಾದ ಸ್ಥಳ ಸಿಕ್ಕಿಲ್ಲ. ಹೀಗಾಗಿ ರಾಜಕೀಯವೆಂದರೆ ಆತ್ಮವನ್ನು ಕೊಳೆ ಮಾಡಿಕೊಳ್ಳುವುದೋ, ಇಲ್ಲವೇ ರಾಜೀನಾಮೆ ಬಿಸಾಡಿ ತೊಳೆದುಕೊಳ್ಳುವುದೋ ಎಂಬ ಎರಡೇ ದಾರಿ ಓದುಗನ ಕಣ್ಣಿಗೆ ಬೀಳುತ್ತವೆ. ಕೃಷ್ಣಪ್ಪನ ರಾಜೀನಾಮೆ ದೊಡ್ಡದಾಗಿ ಕಾಣುವುದು ಇದರಿಂದಲೇ.

ನಮ್ಮ ಊರಿನ ಎಸ್. ಎಂ. ಜೋಶಿಯವರೂ ಸಮಾಜವಾದಿಯೇ, 1957ರಲ್ಲಿ ಪುಣೆಯಿಂದ ಮುಂಬಯಿ ವಿಧಾನಸಭೆಗೆ ಹೋದವರು. ಗಡಿಯ ವಿಷಯದಲ್ಲಿ ಅವರ ಮಾತನ್ನು ನಾವು ಒಪ್ಪಲಾರೆವು, ಆದರೂ ನೆರೆಯ ಮರಾಠಿಗರು ಅವರ ಹೆಸರೆತ್ತಿದರೆ ನಮಗೂ ಗೌರವವೇ ಹುಟ್ಟುತ್ತದೆ. ಗೋಪಾಲಗೌಡರ ಬಗ್ಗೆ ಅವರಿಗೆ ಹೇಳಲು ನಮ್ಮ ಬಳಿ ಏನಿದೆ? ಒಂದು ಕಾದಂಬರಿ, ಅದರ ಮೇಲೆ ಕೃಷ್ಣ ಮಾಸಡಿಯವರು ತೆಗೆದ, ಅನಂತನಾಗ್ ನಟಿಸಿದ ಒಂದು ಚಿತ್ರ.

ಗೌಡರು ತೀರಿಕೊಂಡದ್ದು 1972ರ ಜೂನ್ 9ರಂದು. ಅವರು ವಾದಿಸಿದ್ದ 'ಕರ್ನಾಟಕ' ಎಂಬ ಹೆಸರು ರಾಜ್ಯಕ್ಕೆ ಬಂದದ್ದು 1973ರ ನವೆಂಬರಿನಲ್ಲಿ. ಉಳುವವನಿಗೆ ನೆಲ ಕೊಟ್ಟ ತಿದ್ದುಪಡಿ ದೇವರಾಜ ಅರಸರ ಕಾಲದಲ್ಲಿ, 1974ಕ್ಕೆ. ಸದನದ ನಡವಳಿಗಳು ಅಚ್ಚಾಗಿವೆ. ಅವನ್ನೂ 'ಅವಸ್ಥೆ'ಯನ್ನೂ ಜೊತೆಗಿಟ್ಟು ಓದಿದವರು ನಮ್ಮ ಸದಸ್ಯರಲ್ಲಿ ಯಾರಾದರೂ ಇದ್ದರೆ, ಸಂಘದ ಒಂದು ಭಾನುವಾರದ ಕೂಟದಲ್ಲಿ ಅವರನ್ನು ಮಾತಿಗೆ ಕರೆಯಬೇಕು.