ಸೈನಿಕನ ಕೈಗೊಂದು ಪಾತಿ

ಹೂದೋಟದಲ್ಲಿ ಕೂತರೆ ಮನಸ್ಸು ಹಗುರಾಗುತ್ತದೆ, ನಿಜ. ಆದರೆ ಯುದ್ಧ ಕಂಡು ಬಂದವರಿಗೆ ಅಷ್ಟು ಸಾಲದು. ಅವರನ್ನು ಚೇತರಿಸುವುದು ಹೂವಿನ ಚೆಲುವಲ್ಲ, ಪಾತಿಯ ಕೆಲಸ ಎಂಬುದು ನನ್ನ ಗಟ್ಟಿ ನಂಬಿಕೆ.

ಈ ನಂಬಿಕೆಗೆ ನೂರು ವರ್ಷ ದಾಟಿದ ಹಿನ್ನೆಲೆಯಿದೆ. ಮೊದಲ ಮಹಾಯುದ್ಧದಲ್ಲಿ ಮೈಗೆ ಗುಂಡು ತಾಗದೆಯೂ ಮನಸ್ಸು ಕುಸಿದ ಅಧಿಕಾರಿಗಳನ್ನು ಎಡಿನ್‌ಬರೋದ ಕ್ರೇಗ್‌ಲಾಕ್‌ಹಾರ್ಟ್ ಆಸ್ಪತ್ರೆಗೆ ಕಳಿಸುತ್ತಿದ್ದರು. ಸುಮ್ಮನೆ ಮಲಗಿಸಿದರೆ ಇವರು ವಾಸಿಯಾಗುತ್ತಾರೆ ಎಂಬ ಮಾತನ್ನು ಅಲ್ಲಿನ ವೈದ್ಯ ಆರ್ಥರ್ ಬ್ರಾಕ್ ಒಪ್ಪಲಿಲ್ಲ. ಅವರಿಗೆ ನೆನಪಾಗುತ್ತಿದ್ದದ್ದು ಗ್ರೀಕ್ ಪುರಾಣದ ಆಂಟಿಯಸ್. ಭೂದೇವಿಯ ಮಗನಾದ ಅವನು ಕಾಲು ನೆಲದ ಮೇಲಿರುವ ತನಕ ಯಾರಿಗೂ ಸೋಲುವವನಲ್ಲ. ಹರ್ಕ್ಯುಲಿಸ್ ಅವನನ್ನು ನೆಲದಿಂದ ಮೇಲೆತ್ತಿ ಹಿಡಿದೇ ಕೊಲ್ಲಬೇಕಾಯಿತು. ಈ ರೋಗಿಗಳೂ ಹಾಗೆ ನೆಲ ಬಿಟ್ಟವರು, ಅವರ ಕಾಲನ್ನು ಮತ್ತೆ ನೆಲಕ್ಕೆ ಮುಟ್ಟಿಸಬೇಕು ಎಂದು ಬ್ರಾಕ್ ರೋಗಿಗಳನ್ನು ಕೆಲಸಕ್ಕೆ ಹಚ್ಚಿದರು. 1917ರಲ್ಲಿ ಅಲ್ಲಿ ಸೇರಿದ್ದ ಕವಿ ವಿಲ್ಫ್ರೆಡ್ ಓವೆನ್‌ಗೆ ಇದೇ ಆಂಟಿಯಸ್ ಮೇಲೆ ಕವಿತೆ ಬರೆಯಲು ಹೇಳಿದವರೂ ಅವರೇ.

ಅದೇ ಯುದ್ಧದ ಇನ್ನೊಬ್ಬ ಯೋಧ ಟೆಡ್ ಮೇ. 1915ರಲ್ಲಿ ಅವರಿದ್ದ ಜಲಾಂತರ್ಗಾಮಿ ಡಾರ್ಡನೆಲ್ಸ್ ಜಲಸಂಧಿಯಲ್ಲಿ ನೆಲಕ್ಕೆ ಸಿಕ್ಕಿಕೊಂಡು, ಅವರು ತುರ್ಕರ ಸೆರೆಯಾದರು. ಯುದ್ಧ ಮುಗಿದು ಮನೆ ಸೇರಿದಾಗ ಎಲುಬಿನ ಗೂಡಾಗಿದ್ದರು. 1920ರಲ್ಲಿ ಮಾಜಿ ಸೈನಿಕರಿಗಾಗಿ ನಡೆದ ತೋಟಗಾರಿಕೆ ತರಬೇತಿಗೆ ಸೇರಿದ ಮೇಲೆ ಅವರ ಬದುಕು ದಾರಿಗೆ ಬಂತು. ಅವರ ಮೊಮ್ಮಗಳು, ಮನೋವೈದ್ಯೆ ಸ್ಯೂ ಸ್ಟುವರ್ಟ್-ಸ್ಮಿತ್ 2020ರಲ್ಲಿ ತೋಟ ಮತ್ತು ಮನಸ್ಸಿನ ಬಗ್ಗೆ ಬರೆದ ಪುಸ್ತಕದಲ್ಲಿ ಈ ಕಥೆ ಹೇಳಿದ್ದಾರೆ.

ತೋಟ ಇಂಥವರಿಗೆ ಕೊಡುವುದೇನು? ನನಗೆ ತೋಚುವಂತೆ, ನಾಳೆಯನ್ನು. ಆಘಾತಕ್ಕೆ ಸಿಕ್ಕ ಮನಸ್ಸು ಒಂದೇ ದಿನದ ಸುತ್ತ ತಿರುಗುತ್ತಿರುತ್ತದೆ. ಮೆಂತ್ಯ ಬಿತ್ತಿದವನಾದರೋ ಮೂರ್ನಾಲ್ಕು ದಿನ ಬಿಟ್ಟು ಮೊಳಕೆ ಬಂತೇ ಎಂದು ಬಗ್ಗಿ ನೋಡಲೇಬೇಕು. ಮೂಲಂಗಿಗೆ ತಿಂಗಳು ಚಿಲ್ಲರೆ, ಟೊಮೇಟೊಗೆ ಸಸಿ ಕಿತ್ತು ನೆಡುವ ಕೆಲಸ ಬೇರೆ. ನೀರು ತಪ್ಪಿದರೆ ಸಸಿ ಬಾಡುತ್ತದೆ, ಯಾಕೆ ತಪ್ಪಿತು ಎಂದು ಕೇಳುವುದಿಲ್ಲ. ಮಾತಾಡು ಮಾತಾಡು ಎಂದು ಎಲ್ಲರೂ ಬೆನ್ನು ಬಿದ್ದಿರುವಾಗ, ಮಾತೇ ಬೇಕಿಲ್ಲದ ಜಾಗವೊಂದು ಸಿಗುವುದು ಸಣ್ಣ ಉಪಕಾರವಲ್ಲ. ಪಕ್ಕದ ಸಾಲಿನಲ್ಲಿ ಇನ್ನೊಬ್ಬ ಮಾಜಿ ಸೈನಿಕ ಕಳೆ ಕೀಳುತ್ತಿದ್ದರೆ, ಕಣ್ಣಿಗೆ ಕಣ್ಣು ಕೊಡದೆ ಆಡುವ ನಾಲ್ಕು ಮಾತು ತಾನಾಗಿ ಬರುತ್ತದೆ.

ನೆದರ್‌ಲೆಂಡ್ಸ್‌ನಲ್ಲಿ ನಡೆದು 2011ರಲ್ಲಿ ಪ್ರಕಟವಾದ ಅಧ್ಯಯನವೊಂದರಲ್ಲಿ 30 ಮಂದಿ ಹವ್ಯಾಸಿ ತೋಟಗಾರರನ್ನು ಒತ್ತಡದ ಕೆಲಸಕ್ಕೆ ಕೂರಿಸಿ, ನಂತರ ಅರ್ಧ ಗಂಟೆ ಕೆಲವರನ್ನು ಓದಲು, ಕೆಲವರನ್ನು ತೋಟಗೆಲಸಕ್ಕೆ ಬಿಟ್ಟರು. ಒತ್ತಡದ ಹಾರ್ಮೋನು ಎರಡೂ ಗುಂಪಿನವರಲ್ಲಿ ಇಳಿಯಿತು, ಮಣ್ಣಲ್ಲಿ ಕೈಯಾಡಿಸಿದವರಲ್ಲಿ ಹೆಚ್ಚು ಇಳಿಯಿತು. ಸಣ್ಣ ಪರೀಕ್ಷೆ, ಅದೂ ಸೈನಿಕರ ಮೇಲಲ್ಲ. ಇದನ್ನು ಹಿಡಿದುಕೊಂಡು ಮಾತ್ರೆ ಬಿಡಿ, ಗುದ್ದಲಿ ಹಿಡಿಯಿರಿ ಎನ್ನುವವರನ್ನು ನಂಬಬೇಡಿ. ತೋಟ ಚಿಕಿತ್ಸೆಯ ಜೊತೆಗಾರ, ಬದಲಿಯಲ್ಲ.

ತೋಟವನ್ನು ಹೇಗೆ ಕಟ್ಟಿದ್ದಾರೆ ಎಂಬುದೂ ಮುಖ್ಯ. ಸ್ಕಾಟ್ಲೆಂಡಿನ ಆಕಿನ್‌ಕ್ರೂವ್‌ನಲ್ಲಿ 2007ರಲ್ಲಿ ಮಾಜಿ ಸೈನಿಕರಿಗಾಗಿ ಕೆಲಸ ಶುರುವಾದದ್ದು ಹಳೆಯ ಗೋಡೆಗಳ ನಡುವಿನ ತೋಟವೊಂದರಲ್ಲಿ. ಸದಾ ಬೆನ್ನ ಹಿಂದೆ ಯಾರಿದ್ದಾರೆ ಎಂದು ನೋಡಿಕೊಳ್ಳುವವರಿಗೆ ಸುತ್ತ ಗೋಡೆ, ಕಣ್ಣಿಗೆ ಬೀಳುವ ಬಾಗಿಲು ಎಂದರೆ ಎಂಥ ನಿರಾಳ! ಹುಲ್ಲು ಕತ್ತರಿಸುವ ಮೋಟಾರಿನ ಸದ್ದು ಇಂಥಲ್ಲಿ ಬೇಡ, ಕುಡುಗೋಲು ಸಾಕು. ಗಾಲಿಕುರ್ಚಿಯಲ್ಲಿರುವವರಿಗೆ ಪಾತಿಯನ್ನು ಮೊಣಕಾಲಿನ ಮೇಲಕ್ಕೆ ಏರಿಸಿ ಕಟ್ಟಬೇಕು, ಕುರ್ಚಿ ತಿರುಗುವಷ್ಟು ದಾರಿ ಬಿಡಬೇಕು.

ನಮ್ಮ ಕೊಡಗಿನಲ್ಲಿ ಸೈನ್ಯದಿಂದ ನಿವೃತ್ತರಾಗಿ ಕಾಫಿ ತೋಟಕ್ಕೆ ಮರಳುವುದು ತಲೆಮಾರುಗಳ ರೂಢಿ. ಆದರೆ ಎಲ್ಲ ಸೈನಿಕರಿಗೂ ಮರಳಲು ತೋಟವಿರುವುದಿಲ್ಲ. ಎಷ್ಟೋ ಮಂದಿ ಬೆಂಗಳೂರಿನ, ಬೆಳಗಾವಿಯ ಬಡಾವಣೆಗಳಲ್ಲಿ ಬಾಡಿಗೆ ಮನೆಯಲ್ಲಿದ್ದಾರೆ. ನಿಮ್ಮ ಬಡಾವಣೆಯ ಪಾರ್ಕಿನಲ್ಲಿ ಹುಲ್ಲುಹಾಸಿನ ಒಂದು ಮೂಲೆಯನ್ನು ಅಗೆದು ನಾಲ್ಕು ಸೊಪ್ಪಿನ ಪಾತಿಗೆ ಬಿಡಿ. ಅದರ ಉಸ್ತುವಾರಿಯನ್ನು ನಿಮ್ಮ ಬೀದಿಯ ಮಾಜಿ ಸೈನಿಕರೊಬ್ಬರಿಗೆ ವಹಿಸಿ. ನೀವು ಬೆಳಿಗ್ಗೆ ಹೋಗಿ ನೀರು ಹೊತ್ತುಕೊಡಿ.